ಅಕ್ಕ ಹೊಲಿದ ಲಂಗ

ಐವತ್ತೆಂಟನೇ ಇಸವಿಯ ದೀಪಾವಳಿಗೆ ಇನ್ನೂ ವಾರವಿತ್ತು. ಜಕ್ಕೂರಿನ ಕದಿರಪ್ಪನ ಹೆಂಡತಿ ರಾಮಲಕ್ಷ್ಮಮ್ಮ ಹಾಡಹಗಲೇ ಕೊಟ್ಟಿಗೆಯ ಮೂಲೆಯಲ್ಲಿ, ಒಣಹುಲ್ಲಿನ ಮರೆಯಲ್ಲಿ ಕೂತು ಕದ್ದುಮುಚ್ಚಿ ಲಂಗ ಹೊಲಿಯುತ್ತಿದ್ದಳು. ಹೆತ್ತ ಮಗಳಿಗೆ ಲಂಗ ಹೊಲಿಯುವುದಕ್ಕೆ ಕದ್ದುಮುಚ್ಚುವುದು ಯಾಕೆ ಅಂತ ಬೇರೆ ಊರಿನವರಾದರೆ ಕೇಳುತ್ತಿದ್ದರು. ಜಕ್ಕೂರಿನಲ್ಲಿ ಕಾರಣ ಎಲ್ಲರಿಗೂ ಗೊತ್ತಿತ್ತು. ಆ ಮಗು ಅವಳದಲ್ಲ. ಅವಳೇ ಹೆತ್ತದ್ದು, ಅವಳ ಪಕ್ಕದಲ್ಲೇ ಮಲಗುವುದು, ಅವಳ ಕೈತುತ್ತನ್ನೇ ತಿನ್ನುವುದು, ಆದರೂ ಅವಳದಲ್ಲ. ಹುಟ್ಟಿದ ದಿನವೇ ಅದನ್ನು ಮಾರಿಬಿಟ್ಟಿದ್ದರು.

ಅದಕ್ಕೆ ಮುಂಚೆ ಹುಟ್ಟಿದ ಎರಡು ಗಂಡು ಕೂಸುಗಳು ತೊಟ್ಟಿಲು ಕಾಣದೆ ಹೋಗಿದ್ದವು. ಎರಡನ್ನೂ ಕೊನೆಯ ಸಲ ಮೀಯಿಸಿ, ಬಟ್ಟೆ ಸುತ್ತಿ ಗಂಡಸರ ಕೈಗೆ ಕೊಟ್ಟವಳು ಅತ್ತೆ ಮುನಿಕೃಷ್ಣಮ್ಮ. ಮೂರನೆಯದು ಹೆಣ್ಣು. ಅದು ಕಣ್ಣು ಬಿಡುವುದನ್ನೂ ಕಾಯದೆ ಅತ್ತೆ ಅದನ್ನು ಮೊರದಲ್ಲಿ ಮಲಗಿಸಿ, ಹಿತ್ತಲ ಬಾಗಿಲಿಂದ ಒಯ್ದು ತಿಪ್ಪೆಯ ಪಕ್ಕ ಇಟ್ಟಳು. ನೆರೆಮನೆಯ ಫಖ್ರುನ್ನೀಸಾ ಬಂದು, ಒಂದು ಹಿಡಿ ತೌಡು ಕೊಟ್ಟು ಮೊರ ಎತ್ತಿಕೊಂಡಳು. ಊರವರೆಲ್ಲ ಅವಳನ್ನು ಬೂಬಮ್ಮ ಅನ್ನುತ್ತಿದ್ದರು. ಹೆತ್ತದ್ದೆಲ್ಲ ಉಳಿದ ಪುಣ್ಯವಂತೆ. ಮನೆ ತುಂಬ ಮಕ್ಕಳು. ಅವಳ ಕೈಗೆ ಹೋದ ಕೂಸನ್ನು ಸಾವು ಆ ಮನೆಯದೇ ಅಂದುಕೊಂಡು ಬಿಟ್ಟು ಹೋಗುತ್ತದೆ ಅನ್ನುವುದು ನಂಬಿಕೆ. ಸಾವು ಅಷ್ಟು ಪೆದ್ದು ಅಂತ ನಂಬುವುದಕ್ಕೆ ಎರಡು ಕೂಸು ಕಳೆದುಕೊಂಡಿರಬೇಕು. ಏನೇ ಆಗಲಿ, ಮಗು ಉಳಿಯಿತು. ತೌಡಿಗೆ ಬಂದದ್ದಕ್ಕೆ ತೌಡಿ ಅಂತಲೇ ಹೆಸರಾಯಿತು.

ಮಾರಿದ ಮೇಲೆ ಕಟ್ಟುಪಾಡುಗಳಿದ್ದವು. ಸಾಕುವುದು ಹೆತ್ತ ಮನೆಯೇ; ಆದರೆ ಮೈಮೇಲಿನ ಬಟ್ಟೆ ಕೊಂಡವರ ಮನೆಯಿಂದಲೇ ಬರಬೇಕು. ಹೆತ್ತವಳು ಒಂದೆಳೆ ಹೊಸ ನೂಲನ್ನೂ ತೊಡಿಸಬಾರದು. ಮಗು ಕೊಂಡವಳನ್ನು ಅಮ್ಮ ಅನ್ನಬೇಕು, ಹೆತ್ತವಳನ್ನು ಅಕ್ಕ ಅನ್ನಬೇಕು. ಐದು ತುಂಬಿದ ಮೇಲೆ ಎಲೆ ಅಡಿಕೆ, ಸೇರು ಅಕ್ಕಿ ಕೊಟ್ಟು ಮಗುವನ್ನು ಮರಳಿ ಕೊಂಡರೆ ಅಲ್ಲಿಗೆ ಎಲ್ಲ ಮುಗಿಯಿತು. ರಾಮಲಕ್ಷ್ಮಮ್ಮ ಆ ಐದು ತುಂಬುವುದನ್ನೇ ಕಾಯುತ್ತಿದ್ದಳು. ಶ್ರಾವಣದಲ್ಲಿ ತುಂಬಿಯೂ ತುಂಬಿತು. ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ.

ಗೌರಿಹಬ್ಬ ಕಳೆದ ಮೇಲೆ ಅವಳು ಗಂಡನನ್ನು ಕೇಳಿದಳು. ಕದಿರಪ್ಪ ಒಳ್ಳೆಯ ಮನುಷ್ಯ. ಇಂಥ ಮಾತು ಬಂದಾಗ ಎತ್ತಿಗೆ ನೀರು ಕುಡಿಸುವುದು ನೆನಪಾಗುವಷ್ಟು ಒಳ್ಳೆಯವನು. “ಅವ್ವನ್ನ ಕೇಳು” ಅಂದು ಎದ್ದು ಹೋದ. ಅತ್ತೆಯನ್ನು ಕೇಳಿದರೆ ಅವಳು ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿದಳು.

“ಇಂಗೇ ಇರ್ಲಿ ಬುಡು ಲಕ್ಸ್ಮಿ. ಚೆಂದಾಗೈತೆ ಮಗ. ಯಾಕೆ ಕೆಣಕ್ಬೇಕು?”

“ಐದಕ್ಕೆ ಅಂತ ಹೇಳಿದ್ರಲ್ಲ ಅತ್ತೆ?”

“ಏಳಿದ್ದೆ. ದೊಡ್ಡೋಳಾಗ್ಲಿ ಅಂತ ಈಗ ಅಂತೀನಿ. ಮದ್ವೆ ಒತ್ಗೆ ನೋಡಾನ.” ಮತ್ತೆ ಸೊಪ್ಪಿಗೆ ಕೈ ಹಾಕುತ್ತಾ, “ಇನ್ನೊಂದ ಮೀಯ್ಸಿ ಕಳ್ಸೋ ಸಕ್ತಿ ನಂಗಿಲ್ಲ ಕಣವ್ವ” ಅಂದಳು.

ಅತ್ತೆ ಗಯ್ಯಾಳಿಯಾಗಿದ್ದರೆ ಜಗಳಾಡಬಹುದಿತ್ತು. ಭಯ ಬಿದ್ದ ಮುದುಕಿಯ ಜೊತೆ ಜಗಳಾಡಲು ಬರುವುದಿಲ್ಲ, ಅದರಲ್ಲೂ ಅದೇ ಭಯ ತನ್ನ ಹೊಟ್ಟೆಯಲ್ಲೂ ಇರುವಾಗ. ರಾಮಲಕ್ಷ್ಮಮ್ಮನಿಗೂ ನಂಬಿಕೆಯೇ. ಯಲಹಂಕದ ಸಂತೆಯಿಂದ ಹೂವಿನ ಚೀಟಿ ಬಟ್ಟೆ ತಂದು ಕತ್ತರಿಸಿದ ದಿನವೇ ತೌಡಿ ಎರಡು ಸಲ ಕೆಮ್ಮಿದಳು. ಅಷ್ಟಕ್ಕೇ ಬಟ್ಟೆಯನ್ನು ಹುಲ್ಲಿನೊಳಗೆ ತುರುಕಿ, ರಾತ್ರಿಯಿಡೀ ಮಗುವಿನ ಹಣೆ ಮುಟ್ಟಿ ನೋಡುತ್ತಾ ಕಳೆದವಳು ಅವಳೇ. ಬೆಳಿಗ್ಗೆ ಮಗು, ಊರಾಚೆ ವಿಮಾನ ಹಾರಿಸಲು ಕಲಿಸುವ ಶಾಲೆಯಿಂದ ಎದ್ದ ವಿಮಾನವನ್ನು ನೋಡಿ ಕೇಕೆ ಹಾಕುತ್ತಾ ಬೀದಿಯುದ್ದಕ್ಕೂ ಓಡಿತು. ಆಮೇಲೆಯೇ ಅವಳು ಸೂಜಿ ಮುಟ್ಟಿದ್ದು.

ಹೋಗಲಿ, ಬೂಬಮ್ಮನ ಮೇಲಾದರೂ ಸಿಟ್ಟು ಮಾಡಿಕೊಳ್ಳೋಣವೆಂದರೆ ಅವಳು ಅದಕ್ಕೂ ಜಾಗ ಕೊಟ್ಟಿರಲಿಲ್ಲ. ಅವಳ ಗಂಡ ಅಕ್ಬರ್ ಪಾಷಾ ಯಲಹಂಕದ ಪೇಟೆಯಲ್ಲಿ ಟೈಲರ್. ಮಿಕ್ಕ ತುಂಡು ಬಟ್ಟೆಗಳನ್ನು ಚೀಲಕ್ಕೆ ತುಂಬಿ ಸೈಕಲ್ಲಿಗೆ ಕಟ್ಟಿಕೊಂಡು ಬರುತ್ತಿದ್ದ. ಬೂಬಮ್ಮ ಅವುಗಳಲ್ಲಿ ಆರಿಸಿ, ಬಣ್ಣಕ್ಕೆ ಬಣ್ಣ ಕೂಡಿಸಿ, ಹಬ್ಬ ಹಬ್ಬಕ್ಕೂ ತೌಡಿಗೆ ಕೈಯಲ್ಲೇ ಹೊಲಿಯುತ್ತಿದ್ದಳು. ಯುಗಾದಿಗೆ ತುಂಡು ತುಂಡು ಜೋಡಿಸಿದ ಜಂಪರು, ಸಂಕ್ರಾಂತಿ ಚಳಿಗೆ ಯಾವನೋ ಸಾಹೇಬನ ಕೋಟಿನ ಉಣ್ಣೆಯ ಕುಲಾವಿ, ಅದರ ಒಳಗೆ ಚುಚ್ಚದಿರಲಿ ಅಂತ ಹಳೆ ಪಂಚೆಯ ಮೆತ್ತನೆ ಅಸ್ತರಿ. ತನ್ನ ಮಕ್ಕಳಿಗೆ ಅಣ್ಣನದು ತಮ್ಮನಿಗೆ, ತಮ್ಮನದು ಅವನ ತಮ್ಮನಿಗೆ. ತೌಡಿಗೆ ಮಾತ್ರ ಪ್ರತಿ ಸಲ ಹೊಸದಾಗಿ ಹೊಲಿದದ್ದು.

ಇಂಥವಳಿಗೆ ಋಣಿಯಾಗಿರದೆ ಇರುವುದು ಹೇಗೆ? ರಾಮಲಕ್ಷ್ಮಮ್ಮ ಋಣಿಯಾಗಿಯೇ ಇದ್ದಳು. ಪ್ರತಿ ಹಬ್ಬಕ್ಕೂ ಆ ಬಟ್ಟೆಯನ್ನು ಎರಡು ಕೈಯಲ್ಲಿ ಇಸಿದುಕೊಂಡು, “ಎಷ್ಟು ಚೆಂದಾಗೈತೆ ಬೂಬಮ್ಮ” ಅನ್ನುತ್ತಿದ್ದಳು. ನಿಜವಾಗಿಯೂ ಚೆಂದವಿರುತ್ತಿತ್ತು. ಮಗು ಅದನ್ನು ತೊಟ್ಟು “ಅಮ್ಮ ಕೊಟ್ಲು, ಅಮ್ಮ ಕೊಟ್ಲು” ಅಂತ ಕುಣಿಯುತ್ತಿತ್ತು. ರಾಮಲಕ್ಷ್ಮಮ್ಮ ನಗುತ್ತಾ ನಿಂತಿದ್ದು, ಆಮೇಲೆ ಒಲೆ ಮುಂದೆ ಕೂತು ಹಸಿ ಸೌದೆಯ ಹೊಗೆಗೆ ಬೈಯುತ್ತಾ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಬದುಕಿಸಿಕೊಟ್ಟವಳನ್ನು ಕಂಡರೆ ಹೊಟ್ಟೆಕಿಚ್ಚು, ಹೊಟ್ಟೆಕಿಚ್ಚು ಪಡುವ ತನ್ನನ್ನು ಕಂಡರೆ ಅಸಹ್ಯ. ಈ ಎರಡರ ನಡುವೆ ಅವಳು ಐದು ವರ್ಷದಿಂದ ಅತ್ತಿತ್ತ ಅಲುಗಾಡದಂತೆ ಸಿಕ್ಕಿಕೊಂಡಿದ್ದಳು.

ಲಂಗ ಮುಗಿಯಿತು. ಮುಗಿದ ಮೇಲೆ ತೊಡಿಸುವುದು ಹೇಗೆ ಅನ್ನುವುದು ಹೊಳೆಯಿತು; ಅಲ್ಲಿಯವರೆಗೆ ಹೊಲಿಯುವ ಹುಚ್ಚಿನಲ್ಲಿ ಆ ಯೋಚನೆಯೇ ಬಂದಿರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಲಂಗವನ್ನು ಮಡಿಚಿ, ಮಂಕರಿಯಲ್ಲಿಟ್ಟು, ಮೇಲೆ ದಂಟಿನ ಸೊಪ್ಪು ಹರಡಿಕೊಂಡು ಬೂಬಮ್ಮನ ಮನೆಗೆ ಹೋದಳು. ಬೂಬಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ಏನೋ ಹೊಲಿಯುತ್ತಿದ್ದಳು. ನೀಲಿ ಫ್ರಾಕು. ದೀಪಾವಳಿಗೆ ತೌಡಿಯದು ಅಂತ ಕೇಳದೆಯೇ ಗೊತ್ತಾಯಿತು.

ರಾಮಲಕ್ಷ್ಮಮ್ಮ ಸೊಪ್ಪು ಸರಿಸಿ ಲಂಗ ತೆಗೆದು ಅವಳ ಮಡಿಲಲ್ಲಿ ಇಟ್ಟಳು. ಬೂಬಮ್ಮ ಅದನ್ನು ಬಿಡಿಸಿ, ತಿರುಗಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿದಳು.

“ಅರೆ, ಇದೇನು ಲಂಗಾನಾ, ರಾಗಿ ಮೂಟೆಯಾ? ದಬ್ಬಣದಲ್ಲಿ ಹೊಲಿದ್ಯಾ?”

ರಾಮಲಕ್ಷ್ಮಮ್ಮ ನಗಲಿಲ್ಲ. ಅವಳ ಕೈಗೆ ಗೊತ್ತಿದ್ದದ್ದು ಮೂಟೆ ಹೊಲಿಯುವುದೊಂದೇ. ಬೂಬಮ್ಮ ಅವಳ ಮುಖ ನೋಡಿದಳು. ತಮಾಷೆ ಅಲ್ಲಿಗೆ ನಿಂತಿತು.

“ನೀನು ಹೊಲ್ದಿದ್ದು ಅಂತ ನಿಮ್ಮತ್ತೆಗೆ, ದೊಡ್ಡಮ್ಮಂಗೆ ಗೊತ್ತಾ?”

“ಇಲ್ಲ. ಗೊತ್ತಾಗ್ಬಾರ್ದು. ಹಬ್ಬದ ದಿನ ನೀವೇ ತಂದ್ಕೊಡಿ ಬೂಬಮ್ಮ. ನೀವು ಕೊಟ್ಟಂಗೇ ಆಗ್ಲಿ. ಮಗ ತೊಟ್ಕೊಂಡಿದ್ದು ಒಂದ್ಸಲ ಕಣ್ಣಲ್ಲಿ ನೋಡಿದ್ರೆ ಸಾಕು ನಂಗೆ.”

“ನನ್ನ ಹೆಸರಲ್ಲಿ?”

“ನಿಮ್ಮ ಹೆಸ್ರಲ್ಲೇ.”

ಬೂಬಮ್ಮ ಲಂಗವನ್ನು ಮಡಿಚಿ ತನ್ನ ಪಕ್ಕಕ್ಕಿಟ್ಟುಕೊಂಡಳು. ರಾಮಲಕ್ಷ್ಮಮ್ಮನಿಗೆ ಎಲ್ಲಿಂದಲೋ ಧೈರ್ಯ ಬಂತು. “ನಮ್ಮತ್ತೆ ಒಪ್ಪಿ, ಎಲೆ ಅಡಿಕೆ ಇಟ್ಟು ಕೇಳಿದ್ರೆ ಮಗೀನ ವಾಪಸ್ ಕೊಡ್ತೀರಾ?”

“ಕೊಡ್ತೀನಿ. ಕೊಡ್ದೆ ಏನ್ ಮಾಡ್ಲಿ? ನಿನ್ನ ಕೂಸು” ಅಂದಳು ಬೂಬಮ್ಮ. ನೀಲಿ ಫ್ರಾಕನ್ನು ಮೊಣಕಾಲ ಮೇಲೆ ಸವರುತ್ತಾ, “ಸುಳ್ಳು ಯಾಕೆ ಹೇಳ್ಲಿ, ಕೇಳೋದು ತಡ ಆದ್ರೆ ನನಗೇನೂ ಬೇಜಾರಿಲ್ಲ ಲಕ್ಷ್ಮಮ್ಮ” ಅಂದಳು.

ರಾಮಲಕ್ಷ್ಮಮ್ಮ ಖಾಲಿ ಮಂಕರಿ ಎತ್ತಿಕೊಂಡು ಮನೆಗೆ ಬಂದಳು. ಸೊಪ್ಪನ್ನು ಬೂಬಮ್ಮನಿಗೇ ಬಿಟ್ಟಿದ್ದಳು.

ನರಕ ಚತುರ್ದಶಿಯ ಬೆಳಗು. ಹಂಡೆಯಲ್ಲಿ ನೀರು ಕಾದು, ಎಲ್ಲರಿಗೂ ಎಣ್ಣೆಸ್ನಾನವಾಗಿ, ಮನೆ ತುಂಬ ಸೀಗೆಪುಡಿಯ ಘಾಟು. ರಾಮಲಕ್ಷ್ಮಮ್ಮ ಒಲೆ ಮುಂದೆ ಕಜ್ಜಾಯ ತಟ್ಟುತ್ತಿದ್ದಳು. ಆದರೆ ಕಿವಿ ಪೂರಾ ಬಾಗಿಲಲ್ಲಿತ್ತು. ಎರಡು ಕಜ್ಜಾಯ ಕರಕಲಾದವು. ತೌಡಿ ಮೈಗೆ ಒಂದು ಟವೆಲು ಸುತ್ತಿಕೊಂಡು, “ಅಮ್ಮ ಇನ್ನೂ ಬರ್ಲಿಲ್ಲ, ಅಮ್ಮ ಇನ್ನೂ ಬರ್ಲಿಲ್ಲ” ಅಂತ ಹೊಸಿಲು ದಾಟಿ ಒಳಗೆ ಹೊರಗೆ ಸುತ್ತುತ್ತಿದ್ದಳು.

ಬೂಬಮ್ಮ ಬಂದಳು. ಕೈಯಲ್ಲಿ ಎರಡು ಬಟ್ಟೆಯಿತ್ತು. ನಡುಮನೆಯಲ್ಲಿ ಚಾಪೆಯ ಮೇಲೆ ಕೂತು, ನೀಲಿ ಫ್ರಾಕನ್ನು ಪಕ್ಕಕ್ಕಿಟ್ಟು, ಮೊದಲು ಲಂಗವನ್ನೇ ತೊಡಿಸಿ ಲಾಡಿ ಕಟ್ಟಿದಳು. ರಾಮಲಕ್ಷ್ಮಮ್ಮ ಜಾಲರಿ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದಳು. ಲಂಗ ಒಂದು ಕಡೆ ಮೇಲಕ್ಕೆ, ಒಂದು ಕಡೆ ಕೆಳಕ್ಕೆ ಇತ್ತು. ಅವಳಿಗೆ ಅದೇನೂ ಕಾಣಲಿಲ್ಲ. ತಾನು ಹೊಲಿದದ್ದು ತನ್ನ ಮಗುವಿನ ಮೈಮೇಲಿತ್ತು, ಅಷ್ಟು ಕಂಡಿತು.

ತೌಡಿ ಬಗ್ಗಿ ಲಂಗದ ಅಂಚನ್ನು ಮಡಿಚಿ ನೋಡಿದಳು. ಬೂಬಮ್ಮನ ತೊಡೆಯ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿಕೊಡುತ್ತಾ ಬೆಳೆದ ಮಗು. ಬೂಬಮ್ಮನ ಹೊಲಿಗೆ ಅದಕ್ಕೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು?

“ಇದು ಅಮ್ಮ ಒಲ್ದಿದ್ದಲ್ಲ” ಅಂದಿತು. “ಚೆನ್ನಾಗಿಲ್ಲ. ನಂಗೆ ಬ್ಯಾಡ. ನೀಲಿದು ಕೊಡು.” ಲಾಡಿಗೆ ಕೈ ಹಾಕಿತು.

ದೇವರ ಮುಂದೆ ದೀಪಕ್ಕೆ ಎಣ್ಣೆ ಬಿಡುತ್ತಿದ್ದ ಅತ್ತೆ ತಿರುಗಿದಳು. “ಮತ್ಯಾರು ಒಲ್ದಿದ್ದು?” ಲಂಗ ನೋಡಿದಳು, ಸೊಸೆಯನ್ನು ನೋಡಿದಳು. ಸೊಸೆ ಸೂಜಿ ಚುಚ್ಚಿ ಗಾಯವಾದ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಹೂಂ ಅಂದರೆ ಇನ್ನು ಮಗುವಿಗೆ ಬರುವ ಒಂದೊಂದು ಜ್ವರಕ್ಕೂ ಅವಳೇ ಕಾರಣ. ಊಹೂಂ ಅಂದರೆ ಆ ಲಂಗ ಯಾರದೂ ಅಲ್ಲ.

ಅತ್ತೆ ಎಣ್ಣೆಗಿಂಡಿ ಹಿಡಿದುಕೊಂಡೇ ಎದ್ದಳು. “ಎಂಥ ಕೆಲ್ಸ ಮಾಡ್ದೆ ಲಕ್ಸ್ಮಿ! ಬಿಚ್ಚು ಮೊದ್ಲು. ಬಿಚ್ರವ್ವ ಅದ!”

“ದೊಡ್ಡಮ್ಮ, ನಿಲ್ಲಿ” ಅಂದಳು ಬೂಬಮ್ಮ. ದನಿ ಏರಿಸಲಿಲ್ಲ. “ಈ ಮಗು ಯಾರದು, ನೀವೇ ಹೇಳಿ.”

ಆ ಪ್ರಶ್ನೆಗೆ ಆ ಮನೆಯಲ್ಲಿ ಒಂದೇ ಉತ್ತರ. ಸಾವಿಗೆ ಕೇಳಿಸಲಿ ಅಂತ ಅತ್ತೆಯೇ ಬೀದಿಯಲ್ಲೂ ಬಾವಿಕಟ್ಟೆಯಲ್ಲೂ ಗಟ್ಟಿಯಾಗಿ ಹೇಳಿಕೊಂಡು ಬಂದದ್ದು.

“ನಿಂದೇ ಕಣವ್ವ” ಅಂದಳು.

“ನಂದು ಅಂದ್ಮೇಲೆ ಅದು ಏನು ಉಡ್ಬೇಕು, ಯಾರು ಹೊಲ್ದಿದ್ದು ಉಡ್ಬೇಕು, ಹೇಳೋಳು ನಾನು. ನಾನು ಇವಳ ಕೈಲಿ ಹೊಲಿಸ್ದೆ. ನನ್ನ ಮನೆಯಿಂದ ಬಂದಿದೆ, ನಾನು ತೊಡಿಸಿದೀನಿ. ಏನಾದ್ರೂ ಬರೋದಿದ್ರೆ ನನ್ನ ಬಾಗಿಲಿಗೆ ಬರ್ಲಿ.”

ತನ್ನ ಮಾತೇ ತನ್ನನ್ನು ಕಟ್ಟಿಹಾಕಿತು ಅಂತ ತಿಳಿಯದಷ್ಟು ಪೆದ್ದಿಯಲ್ಲ ಮುನಿಕೃಷ್ಣಮ್ಮ. ಗಿಂಡಿ ಕೆಳಗಿಟ್ಟು, ದೀಪದ ಮಸಿಯನ್ನು ಬೆರಳಿಗೆ ತೆಗೆದು ತೌಡಿಯ ಕೆನ್ನೆಗೆ ದೊಡ್ಡದಾಗಿ ಬೊಟ್ಟಿಟ್ಟಳು. ಆಮೇಲೆ ದೇವರ ಕಡೆ ಮುಖ ಮಾಡಿ ಕೂತುಬಿಟ್ಟಳು. ಒಪ್ಪಿಗೆ ಅಂತೂ ಅಲ್ಲ. ಬೇಡ ಅನ್ನಲಿಲ್ಲ, ಅಷ್ಟೇ.

ರಾಮಲಕ್ಷ್ಮಮ್ಮನಿಗೆ ಬೂಬಮ್ಮನ ಕಾಲು ಹಿಡಿಯಬೇಕು ಅನ್ನಿಸಿತು. ಇಷ್ಟು ವರ್ಷ ಬಾಯಲ್ಲಿ ಹೇಳಿದ್ದ ಉಪಕಾರದ ಮಾತೆಲ್ಲ ಈಗ ಮೊದಲ ಸಲ ಎದೆಯಲ್ಲಿ ತುಂಬಿತು. ಆದರೆ ಅತ್ತೆಯ ಬೆನ್ನು ಎದುರಿಗಿತ್ತು, ಒಲೆಯ ಮೇಲೆ ಎಣ್ಣೆ ಹೊಗೆಯಾಡುತ್ತಿತ್ತು. ಅವಳು ಬಾಗಿಲಿಗೆ ಒರಗಿ ನಿಂತೇ ಇದ್ದಳು.

ಬೂಬಮ್ಮ ತೌಡಿಯನ್ನು ಹತ್ತಿರ ಎಳೆದುಕೊಂಡು, ಜಗ್ಗಿದ ಲಾಡಿಯನ್ನು ಮತ್ತೆ ಬಿಗಿದಳು. “ನೋಡು ಬೇಟಿ, ನಿನಗೆ ಅಂತ ಬೆರಳು ಚುಚ್ಚಿಸ್ಕೊಂಡು ಹೊಲಿದಾಳೆ. ಚೆನ್ನಾಗಿಲ್ಲ ಅನ್ಬಾರ್ದು. ಇವತ್ತು ಹಬ್ಬ. ಅವಳ ಹತ್ರ ಹೋಗು. ಅಮ್ಮಾ ಅಂತ ಕರಿ. ನಾನು ಹೇಳ್ತಿದೀನಿ, ಕರಿ.”

ಮಗುವಿಗೆ ಏನೂ ಅರ್ಥವಾಗಲಿಲ್ಲ. ಆದರೆ ಅಮ್ಮ ಹೇಳಿದ್ದನ್ನು ಅದು ಯಾವತ್ತೂ ಮೀರಿರಲಿಲ್ಲ. ಸೊಟ್ಟ ಲಂಗವನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಾಗಿಲ ಹತ್ತಿರ ಬಂದು ನಿಂತಿತು.

“ಅಮ್ಮಾ.”

ರಾಮಲಕ್ಷ್ಮಮ್ಮ ಓಗೊಡಲಿಲ್ಲ. ಆ ಮಾತಿಗೆ ತಲೆಯೆತ್ತಬಾರದು ಅಂತ ಮಗು ಮಾತು ಕಲಿತಂದಿನಿಂದ ತನ್ನನ್ನು ತಾನೇ ತಿದ್ದಿಕೊಂಡಿದ್ದಳು. ಎಷ್ಟು ಚೆನ್ನಾಗಿ ತಿದ್ದಿಕೊಂಡಿದ್ದಳೆಂದರೆ ಈಗ ಕುತ್ತಿಗೆ ತಾನಾಗಿ ಚಾಪೆಯ ಕಡೆ ಹೊರಳಿತು.

“ಬೂಬಮ್ಮ, ಮಗ ಕರೀತಾವ್ಳೆ ನೋಡಿ” ಅಂದಳು.

ಬೂಬಮ್ಮ ಏಳಲಿಲ್ಲ. ನೀಲಿ ಫ್ರಾಕಿನಲ್ಲಿ ಮುಖ ಮುಚ್ಚಿಕೊಂಡಳು. ತೌಡಿ ರಾಮಲಕ್ಷ್ಮಮ್ಮನ ಸೆರಗು ಹಿಡಿದು ಜಗ್ಗಿದಳು.

“ಅಮ್ಮನ್ನಲ್ಲ ಕಣಕ್ಕ” ಅಂದಳು. “ನಿನ್ನ ಕರ್ದಿದ್ದು.”