ಎಕ್ಸ್‌ಪಾರ್ಟೆ ಆದ ಹಿಪ್ಪುನೇರಳೆ ತೋಟ

2006ರ ಆ ಆದೇಶದಲ್ಲಿ ಚಿಕ್ಕಲಕ್ಷ್ಮಮ್ಮನವರ ಹೆಸರಿನ ಮುಂದೆ ‘ಎಕ್ಸ್‌ಪಾರ್ಟೆ’ ಎಂದಿತ್ತು. ಎದುರು ಪಕ್ಷ ಬಾರದ್ದರಿಂದ ಒಂದೇ ಪಕ್ಷವನ್ನು ಕೇಳಿ ತೀರ್ಮಾನಿಸಲಾಗಿದೆ ಎಂದು ಅರ್ಥ. ಕೈಲಾಂಚದ ಹಿಪ್ಪುನೇರಳೆ ತೋಟ ಪೂರ್ತಿ ತನ್ನದೆಂದು ಆಕೆಯ ಗಂಡನ ಅಣ್ಣ ರಾಮಲಿಂಗಯ್ಯ ಡಿಕ್ರಿ ಪಡೆದಿದ್ದರು. ಪಕ್ಕದ ಹೊಲಗಳಲ್ಲಿ ಆಗಲೇ ಕಾರ್ಖಾನೆಯ ಕಾಂಪೌಂಡು ಏಳುತ್ತಿತ್ತು. ಡಿಕ್ರಿ ರದ್ದಾಗದಿದ್ದರೆ, ಗಂಡನಿಲ್ಲದ ಆಕೆಗೆ ಆ ತೋಟದಲ್ಲಿ ಕಾಲಿಡುವ ಹಕ್ಕೂ ಉಳಿಯುತ್ತಿರಲಿಲ್ಲ.

ರಾಮನಗರದಲ್ಲಿ ನಾನು ವಕೀಲ ಅನಂತರಾಜು ಅವರ ಜೂನಿಯರ್. ಡಿಕ್ರಿ ರದ್ದು ಕೋರುವ ಅರ್ಜಿ ಬರೆಯುವುದು ನನ್ನ ಪಾಲಿಗೆ ಬಂತು.

“ಸಮನ್ಸ್ ಹಿಡಿದು ಕೋರ್ಟಿನ ಅಮೀನ ಬರಲೇ ಇಲ್ಲ ಅಂತ ಬರಿ, ಶಾಂಭವಿ,” ಎಂದರು ಸರ್.

ಚಿಕ್ಕಲಕ್ಷ್ಮಮ್ಮ ನನ್ನ ಕಡೆ ತಿರುಗಿದರು. “ಬಂದಿದ್ದ ಕಣವ್ವ. ರೇಷ್ಮೆಹುಳ ಹಣ್ಣಾಗೋ ಟೇಮು. ಹುಳಕ್ಕೆ ರೋಗ ತಗಲ್ತೈತೆ, ಒಳೀಕೆ ಬರ್ಬೇಡ, ನಾನೂ ಏನೂ ಮುಟ್ಟಾಕಿಲ್ಲ, ಗೂಡು ಬಿಡಿಸಿದ್ಮೇಲೆ ಬಾ ಅಂದೆ. ಜಗಲಿ ಮ್ಯಾಲೆ ಮಜ್ಜಿಗೆ ಇಟ್ಟಿದ್ದೆ, ಕುಡ್ಕಂಡು ಹೋದವ್ನು ತಿರುಗಿ ಬರ್ಲೇ ಇಲ್ಲ.”

“ಕುಡಿದು ‘ನಿರಾಕರಿಸಿದರು’ ಅಂತ ಬರೆದವ್ನೆ. ಮಜ್ಜಿಗೆ ಹುಳಿಯಾಗಿತ್ತೇನೋ,” ಎಂದರು ಸರ್.

“ಹೋಗಿ ಸ್ವಾಮಿ, ನೀವೂ ಆಡ್ಕೊಳಿ.”

ಸಮನ್ಸ್ ನಿರಾಕರಿಸಿದರೆ ಕಾನೂನಿನಲ್ಲಿ ಅದು ತಲುಪಿದಂತೆಯೇ. ನಿಜ ಬರೆದರೆ ಅರ್ಜಿ ವಜಾ ಆಗಬಹುದು. ಸುಳ್ಳು ಬರೆದರೆ, ಅಮೀನ ಸಾಕ್ಷಿ ಹೇಳುವ ದಿನ ಆಕೆಯೇ ಸುಳ್ಳುಗಾರ್ತಿಯಾಗುತ್ತಾರೆ. ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೊಡೆದು ಹಾಕಿದೆ. ಕೊನೆಗೆ ನಡೆದದ್ದನ್ನೇ ಬರೆದು, ಕಾರಣ ‘ಬೋನಾ ಫೈಡ್’, ಕಪಟವಿಲ್ಲದ್ದು, ಎಂದು ಸೇರಿಸಿದೆ. ಸರ್ ಓದಿ, “ಬಿದ್ದೋದ್ರೆ ನಿನ್ನ ತಲೆಗೆ,” ಎಂದು ಸಹಿ ಹಾಕಿದರು.

ವಿಚಾರಣೆಯಲ್ಲಿ ರಾಮಲಿಂಗಯ್ಯನವರ ವಕೀಲರು, ಹುಳದ ಕಥೆ ಈಗ ಕಟ್ಟಿದ್ದು ಎಂದರು. ನ್ಯಾಯಾಧೀಶರು ಸಾಕ್ಷಿಕಟ್ಟೆಯಲ್ಲಿದ್ದ ರಾಮಲಿಂಗಯ್ಯನವರನ್ನೇ ಕೇಳಿದರು.

“ನೀವೂ ಹುಳ ಸಾಕುತ್ತೀರಾ?”

“ಊಂ ಸ್ವಾಮಿ, ನಮ್ಮಪ್ಪನ ಕಾಲದಿಂದ.”

“ಹಣ್ಣಾಗುವ ಹೊತ್ತಿನಲ್ಲಿ ಹೊರಗಿನವರನ್ನು ಬಿಡುತ್ತೀರಾ?”

ಅವರ ವಕೀಲರು ಕೆಮ್ಮಿದರು. ರಾಮಲಿಂಗಯ್ಯ ಅತ್ತ ನೋಡಲಿಲ್ಲ. ಪ್ರಶ್ನೆ ಎತ್ತ ಹೋಗುತ್ತಿದೆ ಎಂದು ತಿಳಿಯಲಿಲ್ಲವೋ, ಹುಳದ ವಿಷಯದಲ್ಲಿ ಸುಳ್ಳಾಡಲು ಬಾಯಿ ಬರಲಿಲ್ಲವೋ, ನನಗೆ ಗೊತ್ತಿಲ್ಲ.

“ಎಲ್ಲಾರ ಉಂಟಾ? ಸ್ವಂತ ಅಳಿಯ ಬಂದ್ರೂ ಬಾಗ್ಲಾಚೇನೇ.”

ನ್ಯಾಯಾಧೀಶರು ಆಕೆಯ ಕಾರಣವನ್ನು ಒಪ್ಪಿ, ಡಿಕ್ರಿಯನ್ನು ರದ್ದುಪಡಿಸಿ ಆದೇಶ ಹೇಳಿ ಬರೆಸಿದರು. ಹೊರಗೆ ಬಂದಾಗ ಚಿಕ್ಕಲಕ್ಷ್ಮಮ್ಮ ನನ್ನ ತೋಳು ಹಿಡಿದರು.

“ಗೆದ್ವಾ, ಲಾಯ್ರವ್ವ?”

“ಇನ್ನೂ ಇಲ್ಲಮ್ಮ. ಕೇಸು ಮೊದಲಿಂದ ನಡೆಯುತ್ತೆ. ಈ ಸಲ ನಿಮ್ಮ ಮಾತನ್ನೂ ಕೇಳ್ತಾರೆ.”

“ಕೇಳ್ಲಿ. ಹೇಳೋದು ಬೇಜಾನ್ ಐತೆ.”

ಕೈಲಾಂಚದ ಬಸ್ಸು ನಿಂತಿತ್ತು. ಭಾವ ರಾಮಲಿಂಗಯ್ಯ ಹಿಂದಿನ ಬಾಗಿಲಿಂದ ಹತ್ತಿದರು. ಆಕೆ ಮುಂದಿನ ಬಾಗಿಲಿಂದ ಹತ್ತಿ, ತಿರುಗಿ ನೋಡದೆ ಕುಳಿತರು.