ಕೆಂಚಿಯ ಮೈ ಬಾಚಿದ ಸೀರಣಿಗೆ

ನಾನು ಒಂದು ಸೀರಣಿಗೆ. ತಲೆಯ ಹೇನು, ಸೀರುಗಳನ್ನು ಹೆಕ್ಕಿ ತೆಗೆಯುವ ಒತ್ತುಹಲ್ಲಿನ ಮರದ ಬಾಚಣಿಗೆ. ನನಗೆ ಹಲ್ಲು ಕೊಯ್ಯುತ್ತ ಮುದುಕನೊಬ್ಬ ಹೇಳುತ್ತಿದ್ದ ಕಥೆ ಇನ್ನೂ ನೆನಪಿದೆ: ಲೋಕದ ಮೊದಲ ಬಾಚಣಿಗೆ ಅಂದರೆ ಬೆಕ್ಕಿನ ನಾಲಿಗೆಯೇ ಅಂತೆ, ಅದನ್ನು ಕಂಡೇ ಮನುಷ್ಯ ಮರಕ್ಕೆ ಹಲ್ಲು ಮಾಡಿದನಂತೆ. ಕೇಳಿದವರು ನಗುತ್ತಿದ್ದರು. ನಾನು ನಂಬಿದೆ.

ಗುಳೇದಗುಡ್ಡದ ನೇಕಾರರ ಮನೆಯ ನೀಲವ್ವ ನನ್ನನ್ನು ಕೊಂಡಳು. ಮೊದಲು ಅವಳ ಹೆಣ್ಣುಮಕ್ಕಳ ತಲೆ. ಅವರು ಗಂಡನ ಮನೆ ಸೇರಿದ ಮೇಲೆ ಬೆಕ್ಕು ಕೆಂಚಿಯ ಮೈ. ಗಂಜಿ ಹಚ್ಚಿದ ನೂಲನ್ನು ಇಲಿಗಳು ಕಡಿಯುವುದರಿಂದ ಆ ಮನೆಗೆ ಬೆಕ್ಕು ಬೇಕೇ ಬೇಕಿತ್ತು. ಕೆಂಚಿ ತನ್ನ ಮರಿಯೊಡನೆ ಮಲಗುತ್ತಿದ್ದುದು ನೇಯುವವರು ಕಾಲು ಇಳಿಬಿಡುವ ಮಗ್ಗದ ಕುಣಿಯಲ್ಲಿ. ಅಲ್ಲಿನ ಧೂಳಿನಲ್ಲಿ ಚಿಗಟ. ಸಂಜೆ ನೀಲವ್ವ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕುತ್ತಿಗೆಯಿಂದ ಬಾಲದವರೆಗೆ ನನ್ನನ್ನು ಎಳೆದು, ಸಿಕ್ಕ ಚಿಗಟಗಳನ್ನು ಸಾಬೂನು ನೀರಿನಲ್ಲಿ ಮುಳುಗಿಸುತ್ತಿದ್ದಳು.

ಮಗಳ ಬಾಣಂತನಕ್ಕೆಂದು ಅವಳು ಬೇರೆ ಊರಿಗೆ ಹೋದಾಗ ನಾನು ಗೋಡೆಯ ಗೂಡಿನಲ್ಲಿ ಉಳಿದೆ. ಚಿಗಟ ಹೆಚ್ಚಿದವು. ಕೆಂಚಿ ಮೈ ಕೆರೆದುಕೊಳ್ಳುವುದನ್ನು ಮಗ ಈರಣ್ಣನಿಗೆ ನೋಡಲಾಗಲಿಲ್ಲ. ರೇಷ್ಮೆ ಸೀರೆಗಳ ಪೆಟ್ಟಿಗೆಯಿಂದ ಡಾಂಬರು ಗುಳಿಗೆ ತೆಗೆದು, ಪುಡಿಮಾಡಿ ಅದರ ಮೈಗೆಲ್ಲ ತಿಕ್ಕಿದ.

"ಸುಮ್ನಿರ ಕೆಂಚವ್ವಾ, ಮಹಾರಾಣಿ! ರೇಷ್ಮಿಗೆ ಹುಳಾ ಹತ್ತದಂಗ ಕಾಯೂದು ನಿನ್ನ ಕಾಯೂದಿಲ್ಲೇನು?"

ಅವನು ಕೈ ಬಿಟ್ಟೊಡನೆ ಕೆಂಚಿ ಕುಳಿತು ಮೈ ನೆಕ್ಕತೊಡಗಿತು, ಎಂದಿನಂತೆ, ಒಂದು ಎಳೆಯನ್ನೂ ಬಿಡದೆ. ಕೂಗಲು ನನಗೆ ಬಾಯಿರಲಿಲ್ಲ.

ಮರುದಿನ ಅದು ವಾಂತಿ ಮಾಡಿ ನಡುಗಿತು. ಈರಣ್ಣ ತನ್ನ ಟವೆಲಿನಲ್ಲಿ ಸುತ್ತಿಕೊಂಡು ದನದ ದವಾಖಾನೆಗೆ ಓಡಿದ. ಮರಳಿದಾಗ ಟವೆಲು ಹಾಗೆಯೇ ಸುತ್ತಿತ್ತು, ಒಳಗೆ ಮಿಸುಕಾಟವಿರಲಿಲ್ಲ.

ನೀಲವ್ವ ಊರಿಂದ ಬಂದಾಗ ಈರಣ್ಣ ಹೇಳಿದ:

"ಆ ಗುಳಿಗಿ ಬೆಕ್ಕಿಗೆ ವಿಷ, ಬೆಕ್ಕಿನ ಔಷಧಾನ ಬ್ಯಾರೆ ಇರತೈತಿ, ಕೇಳಿ ಹಚ್ಚಬೇಕಿತ್ತು ಅಂದ್ರು ಡಾಕ್ಟರು. ನನಗ ತಿಳೀಲಿಲ್ಲಬೇ ಯವ್ವಾ."

"ರೇಷ್ಮಿ ತನ್ನ ಮೈ ತಾನ ನೆಕ್ಕತೈತೇನೋ, ಈರಾ?" ಎಂದಷ್ಟೇ ಕೇಳಿ, ಅವಳು ಕೆಂಚಿಯ ಮರಿಯನ್ನು ಮಡಿಲಿಗೆ ಎತ್ತಿಕೊಂಡಳು.

ಅಂದಿನಿಂದ ಈರಣ್ಣನೇ ಕುಣಿಯ ಧೂಳು ಗುಡಿಸುತ್ತಾನೆ. ಮರಿ ಮಲಗುವ ಗೋಣಿಯನ್ನು ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕುತ್ತಾನೆ. ಸಂಜೆ ನನ್ನನ್ನು ಹಿಡಿದು ಕೂರುತ್ತಾನೆ. ಮರಿ ಬೆಳೆದು ದೊಡ್ಡ ಬೆಕ್ಕಾಗಿದೆ. ನನ್ನ ಹಲ್ಲುಗಳು ಅಲ್ಲಲ್ಲಿ ಮುರಿದಿವೆ.

ಲೋಕದ ಮೊದಲ ಬಾಚಣಿಗೆ ಗುಳಿಗೆ ತಿಕ್ಕಿದ ಆ ದಿನವೂ ತನ್ನ ಕೆಲಸವನ್ನು ತಪ್ಪದೆ ಮಾಡಿತು. ನಾನು ಗೂಡಿನಲ್ಲಿದ್ದೆ.

ನನ್ನ ಹಲ್ಲಿನ ಬುಡದಲ್ಲಿ ಕೆಂಚಿಯ ಕೂದಲೊಂದು ಸಿಕ್ಕಿಕೊಂಡಿದೆ. ಈರಣ್ಣ ನನ್ನನ್ನು ದಿನವೂ ತೊಳೆಯುತ್ತಾನೆ. ಅದನ್ನು ಮಾತ್ರ ತೆಗೆಯುವುದಿಲ್ಲ.