ಟೈಲರ್ ಮನೆಯ ಗುಬ್ಬಿಗೆ ಉಸಿರು ಕಟ್ಟಿದ್ದೇಕೆ?

ಟೈಲರಿಗೆ ಆ ವರ್ಷ ಒಂದೇ ಚಿಂತೆ. ಮಗಳು ಬೆಳೆಯುತ್ತಿಲ್ಲ.

ಟೇಪು ಹಿಡಿಯದೆ ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸುವ ಮನುಷ್ಯ ಅವರು. ಗಿರಾಕಿ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಸೊಂಟ ಎಷ್ಟು ಇಂಚು ಎಂದು ಹೇಳಿಬಿಡುತ್ತಿದ್ದರು. ಗುಬ್ಬಿ ಅವರ ಒಂದೇ ಮಗು. ವಯಸ್ಸು ಹದಿನಾಲ್ಕು. ಎತ್ತರ ಏರಿದೆ, ತೋಳು ಉದ್ದವಾಗಿದೆ, ಎದೆಯ ಸುತ್ತಳತೆ ಮಾತ್ರ ಎರಡು ವರ್ಷದಿಂದ ಇದ್ದಷ್ಟೇ ಇದೆ.

“ಮೈಗೆ ಏನೂ ಹತ್ತುತಾ ಇಲ್ಲ ಕಣೇ. ಇನ್ನೊಂದು ಮೊಟ್ಟೆ ಕೊಡು,” ಎಂದರು ಹೆಂಡತಿಗೆ.

“ದಿನಾ ಮೂರು ಕೊಡ್ತಿದ್ದೀನಿ ರೀ. ಇನ್ನು ಕೋಳೀನೇ ನುಂಗಿಸಬೇಕು ಅಷ್ಟೇ!”

ಗುಬ್ಬಿ ನಗಲಿಲ್ಲ. ಇತ್ತೀಚೆಗೆ ನಗುವುದೇ ನಿಂತುಹೋಗಿತ್ತು. ಸ್ಕರ್ಟು ತೊಟ್ಟು ಸ್ಕೂಲಿಗೆ ಹೊರಡಬೇಕೆಂದರೆ ಒಂದು ದಿನ ಹೊಟ್ಟೆನೋವು, ಇನ್ನೊಂದು ದಿನ ತಲೆನೋವು.

ಒಂದು ಬೆಳಿಗ್ಗೆ ಆರೋಗ್ಯ ಕೇಂದ್ರದ ನರ್ಸ್ ಅಂಗಡಿಗೆ ಬಂದರು.

“ನನ್ನ ಬಿಳಿ ಕೋಟು ಎಲ್ಲಿ ಅಣ್ಣಾ? ನಾಳೆ ನಾಳೆ ಅಂತ ನಾನು ರಿಟೈರ್ ಆಗೋ ಹೊತ್ತು ಬಂತು.”

“ಗುಂಡಿ ಒಂದೇ ಬಾಕಿ ಸಿಸ್ಟರ್, ಇನ್ನೇನು...”

ಅಷ್ಟರಲ್ಲಿ ದಡಾರ್ ಎಂದು ಸದ್ದಾಯಿತು. ಬಟ್ಟೆ ಗಂಟು ಹೊತ್ತು ಮಹಡಿ ಹತ್ತುತ್ತಿದ್ದ ಗುಬ್ಬಿ ಅರ್ಧ ಮೆಟ್ಟಿಲಲ್ಲೇ ಕುಸಿದುಬಿದ್ದಿತ್ತು. ತುಟಿ ನೀಲಿಗಟ್ಟಿತ್ತು. ನರ್ಸ್ ಮತ್ತು ತಾಯಿ ಸೇರಿ ಮಗುವನ್ನು ಪರದೆಯ ಹಿಂದೆ ಮಲಗಿಸಿದರು. ಟೈಲರ್ ಈಚೆ ನಿಂತರು.

“ಅಯ್ಯೋ ನನ್ನ ಕಂದಾ, ಇದೇನು ಮಾಡ್ಕೊಂಡಿದ್ದೀಯ!” ತಾಯಿ ಅಳುತ್ತಿದ್ದರು. “ಸ್ಕರ್ಟಿನ ಎಲಾಸ್ಟಿಕ್ ರೀ! ಎದೆಗೆ ಮೂರು ಸುತ್ತು ಬಿಗಿದುಕೊಂಡಿದೆ!”

ಕತ್ತರಿಯ ಸದ್ದು. ಅದರ ನಡುವೆ ಗುಬ್ಬಿಯ ಕ್ಷೀಣ ದನಿ.

“ಬಿಚ್ಚಬೇಡಿ... ಹೀಗೆ ಕಾಣೋದಕ್ಕಿಂತ ಉಸಿರು ಕಟ್ಟೋದೇ ವಾಸಿ. ನಾನು ಹುಡುಗಿ ಅಲ್ಲ ಅಮ್ಮಾ. ಎಷ್ಟು ವರ್ಷದಿಂದ ಹೇಳ್ಬೇಕು ಅಂತಿದ್ದೆ.”

ಟೈಲರ್ ಹೊಲಿಗೆ ಮಿಷನ್ನನ್ನು ಗಟ್ಟಿಯಾಗಿ ಹಿಡಿದುಕೊಂಡರು.

ನರ್ಸ್ ಹೊರಗೆ ಬಂದಾಗ ಟೈಲರ್ ಬಾಯಿಂದ ಮೊದಲು ಬಂದದ್ದು ಸಿಟ್ಟು. “ಎಲ್ಲಾ ಆ ಮೊಬೈಲಿಂದ! ಬೀದೀಲಿ ಗಂಡುಬೀರಿ ಅಂತಿದ್ರು, ಸುಮ್ಮನಿದ್ದೆ. ಇದಕ್ಕೆ ಔಷಧಿ ಬರೆದುಕೊಡಿ ಸಿಸ್ಟರ್.”

“ಕಾಯಿಲೆನೇ ಅಲ್ಲ ಅಂದ್ಮೇಲೆ ಔಷಧಿ ಎಲ್ಲಿಂದ ತರ್ಲಿ?”

“ಹಾಗಾದ್ರೆ ಮದುವೆ ಮಾಡಿದ್ರೆ ಸರಿ ಹೋಗುತ್ತಾ?”

“ಹದಿನಾಲ್ಕು ವರ್ಷಕ್ಕೆ ಮದುವೆನಾ? ನಿಮ್ಮನ್ನ ಎತ್ಕೊಂಡು ಹೋಗಿ ಒಳಗೆ ಹಾಕ್ತಾರೆ ಅಷ್ಟೇ. ಕೂತ್ಕೊಳ್ಳಿ ಅಣ್ಣಾ, ನೀರು ಕುಡೀರಿ.” ನರ್ಸ್ ಸ್ಟೂಲ್ ಎಳೆದುಕೊಂಡರು. “ಹುಟ್ಟಿದಾಗ ಮೈ ನೋಡಿ ಹೆಣ್ಣು, ಗಂಡು ಅಂತ ನಾವು ಬರೀತೀವಿ. ಹೆಚ್ಚಿನ ಮಕ್ಕಳಿಗೆ ಅದು ಒಪ್ಪುತ್ತೆ. ಕೆಲವು ಮಕ್ಕಳಿಗೆ ಒಪ್ಪಲ್ಲ. ಮೈ ಬದಲಾಗೋ ಈ ವಯಸ್ಸಲ್ಲಿ ಅವರ ಸಂಕಟ ಇನ್ನೂ ಜಾಸ್ತಿ.”

“ಅಂದ್ರೆ... ಇವಳು ಹುಡುಗೀರನ್ನ ಇಷ್ಟಪಡ್ತಾಳೆ ಅಂತಾನಾ?”

“ಅದೇ ಬೇರೆ, ಇದೇ ಬೇರೆ. ನಾನು ಯಾರು ಅಂತ ಒಳಗೆ ಅನ್ನಿಸೋದು ಒಂದು. ಯಾರ ಕಡೆ ಮನಸ್ಸು ಎಳೆಯುತ್ತೆ ಅನ್ನೋದು ಇನ್ನೊಂದು. ಎರಡೂ ಯಾರೋ ಕಲಿಸಿ ಬರೋದಲ್ಲ, ಹೊಡೆದ್ರೆ ಹೋಗೋದೂ ಅಲ್ಲ.”

“ದೊಡ್ಡವಳಾದ್ಮೇಲೂ ಹೀಗೇನಾ?”

“ಕೆಲವರಿಗೆ ಹೀಗೇ ಇರುತ್ತೆ, ಕೆಲವರಿಗೆ ಬದಲಾಗುತ್ತೆ. ಅದನ್ನ ಇವತ್ತೇ ತೀರ್ಮಾನ ಮಾಡೋ ಅವಸರ ಯಾರಿಗಿದೆ? ಈಗ ಡಾಕ್ಟರ್ ಎದೆ ಪರೀಕ್ಷೆ ಮಾಡ್ಲಿ. ನಮ್ಮಲ್ಲಿ ಆಪ್ತ ಸಮಾಲೋಚಕರಿದ್ದಾರೆ, ಅವರ ಹತ್ರ ಮಗು ಮನಸ್ಸು ಬಿಚ್ಚಿ ಮಾತಾಡ್ಲಿ. ನೀವೂ ಬನ್ನಿ. ಬಾಯಿ ಮುಚ್ಚಿಸಿದ್ರೆ ಮಾತ್ರ ಮಗು ಕೈ ತಪ್ಪಿ ಹೋಗುತ್ತೆ ಅಣ್ಣಾ. ಉಸಿರು ಕಟ್ಟೋದೇ ವಾಸಿ ಅಂತು, ಕೇಳಿಸ್ಕೊಂಡ್ರಲ್ಲ?”

ಟೈಲರ್ ನೀರು ಕುಡಿದು ಲೋಟ ಕೆಳಗಿಟ್ಟರು.

“ಮಗು ಸಂಕಟ ಎರಡು ವರ್ಷ ಕಣ್ಣೆದುರಿಗೇ ಇತ್ತು,” ಎಂದರು. “ನಾನು ಮೊಟ್ಟೆ ತಿನ್ನಿಸ್ತಾ ಕೂತಿದ್ದೆ.”

ಡಾಕ್ಟರನ್ನು ನೋಡಿ ಬಂದ ಸಂಜೆ ಅವರು ಟೇಪು ಹಿಡಿದು ಗುಬ್ಬಿಯ ಹತ್ತಿರ ಹೋದರು. ಮಗು ಭುಜ ಮುದುರಿಕೊಂಡು ಹಿಂದೆ ಸರಿಯಿತು. ಟೈಲರ್ ಅಲ್ಲೇ ನಿಂತು ಟೇಪನ್ನು ಅದರ ಕೈಗೆ ಕೊಟ್ಟರು.

“ನೀನೇ ಅಳತೆ ತಗೊಂಡು ಹೇಳು. ಹೇಳಿದ ಹಾಗೆ ಹೊಲೀತೀನಿ.”

“...ಬೈಯಲ್ವಾ ಅಪ್ಪಾ?”

“ನನಗಿನ್ನೂ ಎಲ್ಲಾ ಅರ್ಥ ಆಗಿಲ್ಲ. ನಿಧಾನಕ್ಕೆ ಹೇಳ್ಕೊಡು. ಮೊದಲು ಚೆನ್ನಾಗಿ ಉಸಿರಾಡು, ಮಿಕ್ಕಿದ್ದೆಲ್ಲ ಆಮೇಲೆ.”

“ಸಡಿಲವಾದ ಶರ್ಟು ಬೇಕು. ಸ್ಕರ್ಟು ಬೇಡ, ಪ್ಯಾಂಟು.”

“ಆಯ್ತು. ಸ್ಕೂಲಲ್ಲಿ ಹೆಡ್ ಮೇಡಮ್ ಹತ್ರ ನಾನೂ ನಿಮ್ಮಮ್ಮನೂ ಮಾತಾಡ್ತೀವಿ.”

ಗುಬ್ಬಿ ಟೇಪನ್ನು ಭುಜದ ಮೇಲೆ ಇಟ್ಟುಕೊಂಡಿತು. “ಹದಿನೈದೂವರೆ,” ಎಂದಿತು. ತಂದೆ ಬರೆದುಕೊಂಡರು.

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮಗು ಸ್ಕೂಲಿಗೆ ಹೋಗಲು ಹಿಂಜರಿಯುತ್ತಿದೆಯೇ, ತನ್ನ ಮೈಯನ್ನೇ ಬಚ್ಚಿಡುತ್ತಿದೆಯೇ? ಗದರುವ ಮೊದಲು ಪಕ್ಕದಲ್ಲಿ ಕುಳಿತು ಕೇಳಿ. ಅರ್ಥವಾಗದಿದ್ದರೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಅದರಲ್ಲಿ ನಾಚಿಕೆ ಏನಿಲ್ಲ. ಮಕ್ಕಳೇ, ಎದೆಗೆ ಎಲಾಸ್ಟಿಕ್, ಬ್ಯಾಂಡೇಜು ಯಾವುದನ್ನೂ ಬಿಗಿಯಬೇಡಿ, ಪ್ರಾಣಕ್ಕೇ ಅಪಾಯ. ನೀವು ನಂಬುವ ಒಬ್ಬ ದೊಡ್ಡವರಿಗೆ ಇವತ್ತೇ ಹೇಳಿ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಇನ್ನೊಬ್ಬರಿಗೆ ಹೇಳಿ. ಕೇಳುವವರು ಸಿಗುವ ತನಕ ಹೇಳುವುದನ್ನು ನಿಲ್ಲಿಸಬೇಡಿ.